ಹಗುರ ಮಾಡುವುದು

ಗೋರೆಗಾಂವ್
14 ಜೂನ್ 2022

ಅಮ್ಮ,

ಲೋಕಲ್ ಹತ್ತಿದರೆ ಗ್ರಾಂಟ್ ರೋಡಿನ ಮನೆಗೆ ಒಂದು ಗಂಟೆಯ ದಾರಿಯೂ ಇಲ್ಲ! ಅಂಥದ್ದರಲ್ಲಿ ಇದೇ ಮುಂಬೈಯೊಳಗಿಂದ ಅಂಚೆಯಲ್ಲಿ ಕಾಗದ ಹಾಕುವವಳು ಹುಚ್ಚಿ ಎಂದು ನೀನು ನಗುತ್ತೀಯ. ನಗು. ಆ ನಗು ನನಗೆ ಕೇಳಿಸಬಾರದು ಎಂದೇ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ನಕ್ಕು, "ಅದೆಂತ ದೊಡ್ಡ ಸಂಗತಿ ಮಾರಾಯ್ತಿ" ಎಂದುಬಿಡುತ್ತೀಯ. ಆಮೇಲೆ ನನಗೆ ಮಾತು ಹೊರಡುವುದಿಲ್ಲ. ನಂಬರ್ ಬದಲಿಸಿದ್ದು ಅದಕ್ಕೇ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕಲಾರೆ.

ನಮ್ಮ ಹೋಟೆಲಿನ ಅಡುಗೆಮನೆಯಲ್ಲಿ ರೋಶನ್ ನನ್ನ ಮೇಲೆ ಬೋಂಡದ ಎಣ್ಣೆ ಎರಚಿ ನಾಲ್ಕು ತಿಂಗಳಾಯಿತು. ಬಲಗೈಯ ಬ್ಯಾಂಡೇಜ್ ಬಿಚ್ಚಿದ್ದಾರೆ. ಕಿರುಬೆರಳು, ಉಂಗುರದ ಬೆರಳು ಒಳಕ್ಕೆ ಮಡಚಿಕೊಂಡು ಹಾಗೆಯೇ ನಿಂತಿವೆ. ಚರ್ಮ ಎಳೆದುಕೊಂಡಿದೆ, ಇನ್ನೊಂದು ಆಪರೇಶನ್ ಮಾಡಿದರೂ ಪೂರ್ತಿ ಬಿಡಿಸಲು ಆಗಲಿಕ್ಕಿಲ್ಲ ಎಂದರು. ಬ್ರಷ್ ಹಿಡಿದರೆ ನಡುಗುತ್ತದೆ. ಫಿಲ್ಮ್ ಸಿಟಿಯಲ್ಲಿ ಧಾರಾವಾಹಿಯವರು ನನ್ನನ್ನು ತೆಗೆದುಹಾಕಲಿಲ್ಲ, ಅಷ್ಟು ಪುಣ್ಯ. ಮೊದಲು ಹೀರೋಯಿನ್ ಮುಖಕ್ಕೆ ಬಣ್ಣ ಹಚ್ಚುತ್ತಿದ್ದವಳು ಈಗ ಸ್ಪಂಜ್ ತೊಳೆಯುತ್ತೇನೆ, ವಿಗ್ ಬಾಚುತ್ತೇನೆ. ಹಾಸ್ಟೆಲಿನಲ್ಲಿ ಕೂತು ಇದನ್ನು ಬರೆಯುತ್ತಿರುವುದು ಎಡಗೈಯಲ್ಲಿ.

ನನಗೆ ಬೇಕಾದದ್ದು ಒಂದೇ. ನೀನು ಅಲ್ಲೇ ಇದ್ದೆ, ನೋಡಿದ್ದೀಯ. ನನ್ನ ಮಗ ಎರಚಿದ ಎಂದು ಒಂದು ಸಲ ಹೇಳು. ಯಾರ ಮುಂದೆಯೂ ಬೇಡ, ನನ್ನೆದುರು ಹೇಳಿದರೆ ಸಾಕು.

ನಿನ್ನ
ವಿಜೇತಾ


ಗ್ರಾಂಟ್ ರೋಡ್
2 ಜುಲೈ 2022

ಮಗಾ ವಿಜೇತಾ,

ನಿನ್ನ ಕಾಗದ ಸಿಕ್ಕಿತು. ಪೋಸ್ಟ್‌ಮನ್ ಕೌಂಟರಿಗೇ ತಂದು ಕೊಟ್ಟ. ಎಡಗೈಯಲ್ಲಿ ಎಷ್ಟು ಚೆಂದ ಬರೆದಿದ್ದೀಯ! ಬಲಗೈಯಲ್ಲಿ ನಿನ್ನ ಅಕ್ಷರ ಕೋಳಿ ಕೆದರಿದ ಹಾಗೆ ಇರುತ್ತಿತ್ತು. ಈಗ ಮೊದಲಿಗಿಂತ ಸ್ಪಷ್ಟ ಉಂಟು.

ಎರಡು ಬೆರಳು ಮಡಚಿದರೆ ಲೋಕ ಮುಳುಗುವುದಿಲ್ಲ, ಇನ್ನೂ ಎಂಟು ಉಂಟು. ಅಡುಗೆಮನೆ ಎಂದ ಮೇಲೆ ಬೆಂಕಿ, ಎಣ್ಣೆ ಇದ್ದದ್ದೇ. ನನ್ನ ಮೊಣಕೈ ತನಕ ಕಲೆ ಇಲ್ಲವಾ? ನಾನು ಯಾರಿಗಾದರೂ ಕಾಗದ ಬರೆದೆನಾ? ನಿನ್ನ ಅಪ್ಪ ತೀರಿಹೋದ ಮೇಲೆ ರೋಶನ್ ಒಬ್ಬನೇ ಈ ಹೋಟೆಲನ್ನು ಹೊತ್ತುಕೊಂಡಿದ್ದಾನೆ. ಅವನಿಗೂ ತಲೆ ಬಿಸಿ ಇರುವುದಿಲ್ಲವಾ? ಅವತ್ತು ಅವನೂ ಸರಿಯಾಗಿ ಊಟ ಮಾಡಲಿಲ್ಲ, ಅದು ನಿನಗೆ ಗೊತ್ತಿಲ್ಲ.

ಸಂತೋಷದ ಸುದ್ದಿ ಹೇಳುತ್ತೇನೆ. ರೋಶನ್‌ಗೆ ಹೆಣ್ಣು ಗೊತ್ತಾಗಿದೆ. ಕಾರ್ಕಳದವರು. ಹುಡುಗಿಯ ಹೆಸರು ಜ್ಯೋತ್ಸ್ನಾ, ಅಲ್ಲಿ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಮೆತ್ತಗಿನ ಹುಡುಗಿ. ಮುಂದಿನ ತಿಂಗಳು ನಿಶ್ಚಯ. ಆ ಕೈ ಹಿಡಿದುಕೊಂಡು ನೀನು ಅಷ್ಟು ದೂರ ಪ್ರಯಾಣ ಮಾಡುವುದು ಬೇಡ, ಸುಸ್ತಾಗುತ್ತದೆ.

ನೀನು ಸಣ್ಣದರಿಂದಲೂ ಹೀಗೆಯೇ, ಎಲ್ಲವನ್ನೂ ಎದೆಗೆ ಹಚ್ಚಿಕೊಳ್ಳುವವಳು. ಮನಸ್ಸು ಹಗುರ ಮಾಡಿಕೋ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ
ವಾರಿಜಾ


ಗೋರೆಗಾಂವ್
19 ಜುಲೈ 2022

ಅಮ್ಮ,

ಮನಸ್ಸು ಹಗುರ ಮಾಡಿಕೋ ಎಂದು ಬರೆದಿದ್ದೀಯ. ನನ್ನ ಹೊರೆಯನ್ನು ನಾನು ಇಳಿಸಿಟ್ಟರೆ ಅದು ಹಗುರ ಮಾಡಿಕೊಳ್ಳುವುದು. ನೀನು ಮಾಡುತ್ತಿರುವುದು ಬೇರೆ. ನೀನು ನನ್ನನ್ನೇ ಹಗುರ ಮಾಡುತ್ತಿದ್ದೀಯ. ನಾವು ಮನೆಯಲ್ಲಿ ತುಳುವಿನಲ್ಲಿ ಜಗಳವಾಡಿ, ಬರೆಯುವಾಗ ಮಾತ್ರ ಕನ್ನಡಕ್ಕೆ ಬರುವವರು. ಅದಕ್ಕೇ ಈ ವ್ಯತ್ಯಾಸ ನನಗೆ ಇಷ್ಟು ವರ್ಷ ತಿಳಿದಿರಲಿಲ್ಲವೋ ಏನೋ.

ನಿನಗೆ ಮರೆತಿದ್ದರೆ ನಾನೇ ಬರೆಯುತ್ತೇನೆ. ಆ ಸಂಜೆ ಸಾಂಬಾರ್ ಹಳಸಿತ್ತು. ನಾನು ಮೂಸಿ ನೋಡಿ, "ಇದನ್ನು ಚೆಲ್ಲು ರೋಶನ್, ಗಿರಾಕಿಗೆ ಹಾಕಬೇಡ" ಎಂದೆ. ಅಡುಗೆಯ ದೂಜಣ್ಣ, ಇಬ್ಬರು ವೇಟರ್‌ಗಳು ಅಲ್ಲೇ ಇದ್ದರು. ಅವರ ಮುಂದೆ ಹೇಳಿದ್ದು ಅವನಿಗೆ ತಡೆಯಲಾಗಲಿಲ್ಲ. "ಮೇಕಪ್‌ವಾಲಿ ನನಗೆ ಧಂದಾ ಕಲಿಸ್ಲಿಕ್ಕೆ ಬಂದಳು" ಎಂದ. ನಾನು ಪಾತ್ರೆ ಎತ್ತಿ ಮೋರಿಗೆ ಸುರಿದೆ. ಅವನು ಬೋಂಡದ ಬಾಣಲೆಯಿಂದ ದೊಡ್ಡ ಸೌಟಿನ ತುಂಬ ಎಣ್ಣೆ ಎತ್ತಿದ. ಎತ್ತಿ ಒಂದು ಗಳಿಗೆ ನಿಂತ. ಅದನ್ನು ನಾನು ಮರೆಯಲಾರೆ. ಸಿಟ್ಟಿನಲ್ಲಿ ಕೈ ಜಾರಿದವನು ಹಾಗೆ ನಿಲ್ಲುವುದಿಲ್ಲ. ನನ್ನನ್ನು ನೋಡಿ, "ಈಗ ಮಾತಾಡು" ಎಂದು ಮುಖಕ್ಕೇ ಎರಚಿದ. ಕೈ ಅಡ್ಡ ಬಂತು.

ನೀನು ಬಾಗಿಲಲ್ಲಿದ್ದೆ. ನಾನು ಕಿರುಚಿದಾಗ ನೀನು ಮೊದಲು ತಿರುಗಿದ್ದು ಹೊರಗೆ ಕೂತ ಗಿರಾಕಿಗಳ ಕಡೆಗೆ. "ಕುಛ್ ನಹೀ, ಕುಛ್ ನಹೀ, ಆಪ್ ಖಾವೋ" ಎಂದು, ಏನೂ ಆಗಿಲ್ಲವೆಂಬಂತೆ, ನಕ್ಕೆ. ಆಮೇಲೆ ಒಳಗೆ ಬಂದು ನನ್ನ ಬಾಯಿಗೆ ಸೆರಗು ತುರುಕಿದೆ. ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಕೇಳಿದರೆ ನೀನು ಉತ್ತರ ಕೊಟ್ಟೆ. ಎಣ್ಣೆ ಬಿತ್ತು ಎಂದೆ. ಅವರು ಬರೆದದ್ದಕ್ಕೆ ನನ್ನ ಎಡಗೈ ಹೆಬ್ಬೆಟ್ಟು ಹಿಡಿದು ಒತ್ತಿಸಿದವಳೂ ನೀನೇ.

ಮೊನ್ನೆ ಸೆಟ್‌ನಲ್ಲಿ ಸೊಸೆಯ ಪಾತ್ರದವಳಿಗೆ ಸುಟ್ಟ ಕೈ ಬೇಕಿತ್ತು. ಮೇಕಪ್ ದಾದಾ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿ, "ಹಾಥ್ ಇಧರ್ ರಖ್" ಎಂದರು. ನನ್ನ ಕೈ ನೋಡಿಕೊಂಡು ಅವಳ ಕೈಗೆ ಅಂಟು, ಬಣ್ಣ ಹಚ್ಚಿದರು. ಡೈರೆಕ್ಟರ್ ಬಂದು ಎರಡೂ ಕೈ ನೋಡಿ, ನನ್ನದನ್ನು ತೋರಿಸಿ, "ಯೇ ಜ್ಯಾದಾ ಹೋ ಗಯಾ, ಥೋಡಾ ಕಮ್ ಕರ್" ಎಂದರು. ನನ್ನದೂ ಬಣ್ಣವೆಂದುಕೊಂಡು, ಅತಿಯಾಯಿತು, ಸ್ವಲ್ಪ ಕಡಿಮೆ ಮಾಡು ಎಂದದ್ದು. ಎಲ್ಲರೂ ನಕ್ಕರು. ನನಗೆ ನಿನ್ನ ನೆನಪಾಯಿತು.

ವಿಜೇತಾ


ಕಾರ್ಕಳ
20 ಸೆಪ್ಟೆಂಬರ್ 2022

ವಿಜೇತಕ್ಕನವರಿಗೆ,

ನಾನು ಜ್ಯೋತ್ಸ್ನಾ. ನಿಮ್ಮ ತಮ್ಮನೊಂದಿಗೆ ನನ್ನ ನಿಶ್ಚಯವಾಗಿದೆ. ನಿಮ್ಮ ಫೋನ್ ನಂಬರ್ ಕೇಳಿದೆ, ಯಾರೂ ಕೊಡಲಿಲ್ಲ. ಕರೆಯಬೇಕಾದವರ ವಿಳಾಸಗಳನ್ನು ಅತ್ತೆ ನನ್ನ ಅಪ್ಪನಿಗೆ ಕಳಿಸಿದ್ದರಲ್ಲಿ ನಿಮ್ಮದಿತ್ತು.

ನಿಶ್ಚಯದ ದಿನ "ಅಕ್ಕ ಬರಲಿಲ್ಲವೇ?" ಎಂದು ಕೇಳಿದೆ. ಅತ್ತೆ, ರೋಶನ್ ಇಬ್ಬರೂ ಒಂದೇ ಸಲ ನಕ್ಕರು. "ಅವಳಿಗೆ ಶೂಟಿಂಗ್" ಎಂದರು ಒಬ್ಬರು, "ಅವಳಿಗೆ ಕೈಗೆ ಸ್ವಲ್ಪ ಪೆಟ್ಟು" ಎಂದರು ಇನ್ನೊಬ್ಬರು. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ರೋಶನ್ ನನ್ನೊಂದಿಗೆ ಚೆನ್ನಾಗಿಯೇ ಮಾತನಾಡುತ್ತಾರೆ. ಆದರೆ ಕಳೆದ ವಾರ ವೀಡಿಯೊ ಕಾಲ್‌ನಲ್ಲಿರುವಾಗ ಒಬ್ಬ ವೇಟರ್ ಗ್ಲಾಸ್ ಒಡೆದ. ರೋಶನ್ ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟರು. ನನಗೆ ಸದ್ದು ಮಾತ್ರ ಕೇಳಿಸಿತು. ಮತ್ತೆ ಫೋನ್ ಎತ್ತಿಕೊಂಡಾಗ ಅವರು ನಗುತ್ತಿದ್ದರು, "ಹಾಂ, ಎಂತ ಹೇಳ್ತಾ ಇದ್ದಿ?" ಎಂದರು.

ಆಮಂತ್ರಣ ಇನ್ನೂ ಅಚ್ಚಾಗಿಲ್ಲ. ನನ್ನ ಅಪ್ಪ ಹಟಮಾರಿಯಲ್ಲ. ಬೇಡ ಎಂದರೆ ನಿಲ್ಲಿಸುತ್ತಾರೆ. ಆದರೆ ಸದ್ದು ಕೇಳಿತು ಎನ್ನುವುದು ಒಂದು ಕಾರಣವೇ ಎಂದು ನನಗೇ ನಾಚಿಕೆ. ಅದಕ್ಕೆ ನಿಮ್ಮನ್ನು ಕೇಳುತ್ತಿದ್ದೇನೆ. ಅವರಿಗೆ ಸಿಟ್ಟು ಬಂದಾಗ ಏನಾಗುತ್ತದೆ? ನಿಮ್ಮ ಕೈಗೆ ಏನಾಯಿತು? ನೀವು ಏನು ಬರೆದರೂ ಅದನ್ನೇ ನಂಬುತ್ತೇನೆ.

ಗೌರವದಿಂದ,
ಜ್ಯೋತ್ಸ್ನಾ


ಗ್ರಾಂಟ್ ರೋಡ್
3 ಅಕ್ಟೋಬರ್ 2022

ಮಗಾ,

ಮೊನ್ನೆ ನಿನ್ನ ಹಾಸ್ಟೆಲಿಗೆ ಬಂದುಹೋದ ಮೇಲೆ ನನಗೆ ಬೇರೆ ಯೋಚನೆಯೇ ಇಲ್ಲ. ತಲೆಯೆಲ್ಲ ಸಿಕ್ಕು ಕಟ್ಟಿಕೊಂಡು, ಕತ್ತರಿಸಿಬಿಡುತ್ತೇನೆ ಎಂದು ಕೂತಿದ್ದೆಯಲ್ಲ, ಎಂಥ ಕೂದಲು ನಿನ್ನದು! ಎಣ್ಣೆ ಹಚ್ಚಿ ಬಾಚಿ ಜಡೆ ಹಾಕುವಾಗ ನೀನು ನನ್ನ ಮೊಣಕಾಲಿಗೆ ಒರಗಿ ನಿದ್ದೆ ಮಾಡಿದೆ. ಸಣ್ಣ ಮಗುವಿನ ಹಾಗೆ. ಇಷ್ಟು ದಿನ ನಾವು ಎಂತಕ್ಕೆ ಜಗಳವಾಡಿದೆವು ಎಂದೇ ನನಗೆ ಮರೆತುಹೋಯಿತು.

ಜ್ಯೋತ್ಸ್ನಾ ಬರೆದ ಕಾಗದವನ್ನು ನೀನೇ ತೋರಿಸಿದ್ದು ಒಳ್ಳೆಯದಾಯಿತು. ನಾನು ಅವಳ ಮೇಲೆ ಬೇಸರ ಮಾಡಿಕೊಂಡಿಲ್ಲ. ಹುಡುಗಿಯರಿಗೆ ಮದುವೆಗೆ ಮೊದಲು ಹೆದರಿಕೆ ಆಗುವುದೇ. ನೀನು ನಾಲ್ಕು ಒಳ್ಳೆಯ ಮಾತು ಬರೆದು ಹಾಕು. ಸುಳ್ಳು ಬರೆ ಎಂದು ನಾನು ಹೇಳಲಿಲ್ಲ. ದೊಡ್ಡದು ಮಾಡಬೇಡ ಎಂದೆ, ಅಷ್ಟೆ.

ಮದುವೆ ಮುಗಿದ ಮೇಲೆ ನೀನು ಅಲ್ಲಿ ಒಬ್ಬಳೇ ಇರುವುದು ಬೇಡ. ಕಿಟಕಿ ಪಕ್ಕದ ನಿನ್ನ ಮಂಚ ಹಾಗೆಯೇ ಉಂಟು. ದಿನಾ ನಾನೇ ಜಡೆ ಹಾಕುತ್ತೇನೆ.

ನಿನ್ನ ಅಮ್ಮ


ಗೋರೆಗಾಂವ್
9 ಅಕ್ಟೋಬರ್ 2022

ಪ್ರೀತಿಯ ಜ್ಯೋತ್ಸ್ನಾ,

ನಿನ್ನ ಪತ್ರ ಓದಿ ನಗು ಬಂತು. ಇಷ್ಟಕ್ಕೆಲ್ಲ ಹೆದರುವುದುಂಟಾ? ರೋಶನ್‌ಗೆ ಸಿಟ್ಟು ಬೇಗ ಬರುತ್ತದೆ, ಬೇಗ ಇಳಿಯುತ್ತದೆ, ಎಲ್ಲ ಗಂಡಸರ ಹಾಗೆ. ಹೋಟೆಲ್ ನಡೆಸುವವರು ಸ್ವಲ್ಪ ಗದರದಿದ್ದರೆ ಕೆಲಸ ಆಗುವುದಿಲ್ಲ. ನನ್ನ ಕೈಗೆ ಅಡುಗೆಮನೆಯಲ್ಲಿ ಎಣ್ಣೆ ಬಿತ್ತು. ಕಲೆ ಇದೆ. ಅಂಥದ್ದೇನೂ ಇಲ್ಲ.

ಮದುವೆಯಲ್ಲಿ ಭೇಟಿಯಾಗೋಣ.

ನಿನ್ನ ಅಕ್ಕ
ವಿಜೇತಾ


ಗೋರೆಗಾಂವ್
11 ಜನವರಿ 2023

ಅಮ್ಮ,

ಮದುವೆಯಾಗಿ ತಿಂಗಳಾಯಿತು. ಕರೆಯುತ್ತೀಯ ಎಂದು ಕಾದೆ. ಹೊಸ ನಂಬರನ್ನೂ ನಿನಗೆ ಕೊಟ್ಟಿದ್ದೆ.

ಮದುವೆಗೆ ನೀನು ನನಗೆ ಹೊಲಿಸಿದ ಉದ್ದ ತೋಳಿನ ರವಿಕೆ ಬೆರಳಿನ ತುದಿಯವರೆಗೂ ಬರುತ್ತಿತ್ತು. ಫೋಟೋದವನು ಬಂದಾಗಲೆಲ್ಲ ನೀನು ನನ್ನ ಬಲಗಡೆ ಬಂದು ನಿಂತೆ. ಆರತಿಗೆ ನಾನು ತಟ್ಟೆ ಎತ್ತಿಕೊಂಡಾಗ ಎಲ್ಲರ ಮುಂದೆ ಕಸಿದುಕೊಂಡು, "ಕೊಡು ಕೊಡು, ಬಿದ್ದರೆ ಅಪಶಕುನ" ಎಂದು ನಕ್ಕೆ. ಊಟಕ್ಕೆ ಕೂತವರಲ್ಲಿ ಯಾರೋ ನನ್ನನ್ನು ತೋರಿಸಿ ಯಾರೆಂದು ಕೇಳಿದರು. "ಇವಳಾ? ಸೀರಿಯಲ್‌ನವಳು, ಹೆಣ್ಣಿಗೆ ಮೇಕಪ್ ಮಾಡ್ಲಿಕ್ಕೆ ಬಂದದ್ದು" ಎಂದವಳು ನೀನು. ನಾನು ಹಿಂದೆಯೇ ಇದ್ದೆ.

ಇಷ್ಟಾದರೂ ಬ್ಯಾಗ್ ತುಂಬಿಕೊಂಡು ನಿಮ್ಮ ಹಿಂದೆಯೇ ಮನೆಗೆ ಬಂದೆನಲ್ಲ, ಅದನ್ನು ನೆನೆದರೆ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ. ಕಿಟಕಿ ಪಕ್ಕದಲ್ಲಿ ನೀನು ಹೊಸ ಡಬಲ್ ಮಂಚ ಹಾಕಿಸಿದ್ದೆ. "ಮದುಮಕ್ಕಳಿಗೆ ಬೇಡವಾ? ನೀನೇ ಯೋಚನೆ ಮಾಡು" ಎಂದು, ಉಳಿದ ಲಾಡು ಕಟ್ಟಿಕೊಟ್ಟು ಸ್ಟೇಷನ್ನಿಗೆ ಕಳಿಸಿದೆ. ಆ ಲಾಡನ್ನು ನಾನು ಟ್ರೇನಿನಲ್ಲಿಯೇ ತಿಂದೆ. ಹಸಿವಾಗಿತ್ತು. ಮದುವೆಮನೆಯಲ್ಲಿ ಯಾರೂ ನನ್ನನ್ನು ಊಟಕ್ಕೆ ಕೂರಿಸಿರಲಿಲ್ಲ.

ಕೂದಲು ಕತ್ತರಿಸಿಬಿಟ್ಟಿದ್ದೇನೆ.

ವಿಜೇತಾ


ಕಾರ್ಕಳ
6 ಆಗಸ್ಟ್ 2023

ವಿಜೇತಕ್ಕನವರಿಗೆ,

ನಾನು ಈಗ ಅಪ್ಪನ ಮನೆಯಲ್ಲಿದ್ದೇನೆ. ಬಲಗಿವಿ ಕೇಳಿಸುವುದಿಲ್ಲ. ತಮಟೆ ಹರಿದಿದೆ, ಒಳಗೆ ಕೀವಾಗಿದೆ. ಬೇಗ ತೋರಿಸಿದ್ದರೆ ಉಳಿಯುತ್ತಿತ್ತು ಎಂದರು ಮಂಗಳೂರಿನ ಡಾಕ್ಟರು. ಅತ್ತೆ ನನ್ನನ್ನು ಬೇಗ ತೋರಿಸಲಿಲ್ಲ. ನೀರು ಹೋಗಿರಬೇಕು ಎಂದು ಬೆಚ್ಚಗಿನ ಎಣ್ಣೆ ಬಿಟ್ಟರು.

ಮೊದಲ ಪೆಟ್ಟು ಮದುವೆಯಾದ ಹೊಸದರಲ್ಲೇ. ಮಾತನಾಡುವಾಗ ನಾನು ಪದ ತಿದ್ದುತ್ತೇನಂತೆ. ಹೌದು, ಟೀಚರ್, ಅಭ್ಯಾಸ. ಕಿವಿಗೆ ಹೊಡೆದ ದಿನ ನಾನು ತಿದ್ದಿರಲಿಲ್ಲ. ಸುಮ್ಮನಿದ್ದೆ. "ಒಳಗೆ ತಿದ್ತಾ ಇದ್ದಿ ಅಲ್ವಾ? ಗೊತ್ತಾಗ್ತದೆ ನಿನ್ನ ಮುಖ ನೋಡಿದ್ರೆ" ಎಂದರು ರೋಶನ್. ಹೊಡೆದ ಮೇಲೆ ಅವರು ಕೆಳಗೆ ಹೋಗಿ ಗಲ್ಲಾದಲ್ಲಿ ಕೂತರು. ಅತ್ತೆ ಬಂದು ನನ್ನ ಗಲ್ಲ ಸವರಿ, "ಅವನ ಕೈ ಸ್ವಲ್ಪ ಭಾರ, ಅವನ ಅಪ್ಪನದೂ ಹಾಗೇ" ಎಂದು ನಕ್ಕರು.

ಅತ್ತೆಯ ಬಗ್ಗೆ ನನಗೆ ಆಶ್ಚರ್ಯವಿಲ್ಲ. ಮಗನಿಗಾಗಿ ಮಾಡಿದರು. ನೀವು ಯಾರಿಗಾಗಿ?

ನಿಮ್ಮ ಪತ್ರವನ್ನು ಇಲ್ಲಿ ಮಲಗಿಕೊಂಡು ಪಾಠ ಓದುವಂತೆ ಓದಿದೆ. ಎಣ್ಣೆ ಬಿತ್ತು ಎಂದು ಬರೆದಿದ್ದೀರಿ. ಮಕ್ಕಳು ಹಾಗೆ ಬರೆದರೆ ಬೀಳಿಸಿದವರು ಯಾರು ಎಂದು ಕೇಳಿ ಕೆಂಪು ಗೆರೆ ಎಳೆಯುತ್ತೇನೆ. ನಿಮ್ಮ ವಾಕ್ಯದಲ್ಲಿ ನಾನು ಕೇಳಲಿಲ್ಲ, ಏಕೆಂದರೆ ನನಗೂ ಮದುವೆ ಬೇಕಿತ್ತೇನೋ. ಮನಸ್ಸು ಹಗುರ ಮಾಡಿಕೋ ಎಂದು ಅತ್ತೆ ಆಗಾಗ ಹೇಳುತ್ತಿದ್ದರು. ಹಗುರ ಮಾಡು ಎನ್ನುವುದಕ್ಕೆ ತರಗತಿಯಲ್ಲಿ ಎರಡು ಅರ್ಥ ಹೇಳಿಕೊಡುತ್ತೇನೆ: ಭಾರ ಇಳಿಸುವುದು, ಮರ್ಯಾದೆ ಇಳಿಸುವುದು. ಇನ್ನೊಂದು ಉಳಿದಿತ್ತು. ಇನ್ನೊಬ್ಬರು ನಂಬಿಕೊಂಡು ಕಾಲಿಡುವಂತೆ ಗುಂಡಿಯ ಮೇಲೆ ಸೊಪ್ಪು ಹರಡುವುದು. ಅದನ್ನು ನೀವು ಹೇಳಿಕೊಟ್ಟಿರಿ.

ಅಪ್ಪ ಮುಂಬೈಗೆ ಬಂದು ಪೊಲೀಸರಿಗೆ ದೂರು ಕೊಡುತ್ತಾರೆ. ನೀವು ಬರಬೇಕೆಂದು ಕೇಳುವುದಿಲ್ಲ. ನಿಮ್ಮನ್ನು ಒಂದು ಸಲ ಕೇಳಿದ್ದು ಸಾಕು.

ಜ್ಯೋತ್ಸ್ನಾ


ಗೋರೆಗಾಂವ್
15 ಆಗಸ್ಟ್ 2023

ಜ್ಯೋತ್ಸ್ನಾ,

ಯಾರಿಗಾಗಿ ಎಂದು ಕೇಳಿದ್ದಿ. ಅಮ್ಮ ನನಗೆ ಜಡೆ ಹಾಕಿದಳು. ಅದಕ್ಕಾಗಿ. ಬರೆದು ನೋಡಿದರೆ ಎಷ್ಟು ಅಲ್ಪ ಎನ್ನಿಸುತ್ತದೆ, ಆದರೆ ಇದಕ್ಕಿಂತ ದೊಡ್ಡ ಕಾರಣ ನನ್ನ ಬಳಿ ಇಲ್ಲ. ನಿನ್ನ ಕಿವಿ ಕೊಟ್ಟು ನಾನು ಕೊಂಡುಕೊಂಡದ್ದು ಅಷ್ಟೇ.

ನೀನು ಕರೆಯದಿದ್ದರೂ ನಿನ್ನ ಅಪ್ಪನ ಜೊತೆ ಠಾಣೆಗೆ ಬರುತ್ತೇನೆ. ದೂಜಣ್ಣನನ್ನೂ ಕೇಳಿದ್ದೇನೆ. "ನಾನು ನೋಡಿದ್ದು ಹೌದು ಮಗಾ, ಹೇಳುತ್ತೇನೆ" ಎಂದಿದ್ದಾರೆ. ರೋಶನ್ ಎರಚಿದ ಎಂದು ಹೇಳುತ್ತೇನೆ. ಕ್ಷಮಿಸು ಎಂದು ಬರೆಯುವುದಿಲ್ಲ. ಬರೆದರೆ ನೀನು ಅದಕ್ಕೊಂದು ಉತ್ತರ ಹುಡುಕಬೇಕಾಗುತ್ತದೆ.

ವಿಜೇತಾ


ಗ್ರಾಂಟ್ ರೋಡ್
4 ಸೆಪ್ಟೆಂಬರ್ 2023

ಮಗಾ ವಿಜೇತಾ,

ಠಾಣೆಯಲ್ಲಿ ನಿನ್ನನ್ನು ನೋಡಿ ಖುಷಿಯೇ ಆಯಿತು, ಎಷ್ಟು ತಿಂಗಳಾಗಿತ್ತು! ಕೂದಲು ಗಿಡ್ಡ ಮಾಡಿದ್ದು ಮುಖಕ್ಕೆ ಒಪ್ಪುತ್ತದೆ. ತೂಕ ಸ್ವಲ್ಪ ಇಳಿದಿದೆ.

ನೀನು ಅಲ್ಲಿ ಕೂಗಾಡಿದ್ದಕ್ಕೆ ನನಗೆ ಸಿಟ್ಟಿಲ್ಲ. ಪೊಲೀಸರು ಆಸ್ಪತ್ರೆಯ ಕಾಗದ ತೆಗೆದು, ಎಣ್ಣೆ ತಾನಾಗಿ ಬಿತ್ತು ಎಂದು ನೀನೇ ಹೆಬ್ಬೆಟ್ಟು ಒತ್ತಿದ್ದೀಯ ಎಂದಾಗ ನಿನ್ನ ಮುಖ ನೋಡಿ ಪಾಪ ಎನಿಸಿತು. ನಾನೂ ಹೇಳಿದೆ, ಇವಳಿಗೆ ಅವಘಡ ಆದ ಮೇಲೆ ತಲೆ ಸ್ವಲ್ಪ ಹಾಗೆ, ಇವಳ ಮೇಲೆ ಏನೂ ಮಾಡಬೇಡಿ ಎಂದು. ನಿನ್ನ ಒಳ್ಳೆಯದಕ್ಕೇ. ದೂಜ ಬರಲಿಲ್ಲ ಎಂದು ಬೇಜಾರು ಮಾಡಬೇಡ. ಅವನ ಮಗಳನ್ನು ರೋಶನ್ ಕೌಂಟರ್ ಕೆಲಸಕ್ಕೆ ಸೇರಿಸಿಕೊಂಡಿದ್ದಾನೆ.

ಜ್ಯೋತ್ಸ್ನಾ ಕೊಟ್ಟ ದೂರು ಮಾತ್ರ ದಾಖಲಾಗಿದೆಯಂತೆ. ರೋಶನ್ ಎರಡು ರಾತ್ರಿ ಒಳಗಿದ್ದು ಜಾಮೀನಿನಲ್ಲಿ ಬಂದ. ಊಟ ಕಳಿಸಿದ್ದೆ. ಅಂಥ ಕಷ್ಟವೇನೂ ಆಗಲಿಲ್ಲವಂತೆ. ಗಂಡ ಹೆಂಡತಿ ಎಂದರೆ ಇದೆಲ್ಲ ಇದ್ದದ್ದೇ. ಕೋರ್ಟಿನಲ್ಲಿ ಒಂದು ದಾರಿಯಾಗುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ


ಕಾರ್ಕಳ
28 ನವೆಂಬರ್ 2024

ವಿಜೇತಕ್ಕ,

ಮುಗಿಯಿತು. ಪರಸ್ಪರ ಒಪ್ಪಿಗೆಯ ವಿಚ್ಛೇದನ, ಅದರ ಜೊತೆಗೇ ದೂರು ಹಿಂದಕ್ಕೆ. ಪ್ರತಿ ತಾರೀಖಿಗೂ ಕಾರ್ಕಳದಿಂದ ಮುಂಬೈಗೆ ಬಂದು, ಕೋರ್ಟಿನ ಬೆಂಚಿನ ಮೇಲೆ ಕೂತು, ಮುಂದಿನ ತಾರೀಖು ಕೇಳಿಕೊಂಡು ಹೋಗಿ ಅಪ್ಪ ಸೋತರು. ಒಪ್ಪಂದದ ಕಾಗದದಲ್ಲಿ ಕಾರಣ ಎಂಬಲ್ಲಿ ಸ್ವಭಾವ ಹೊಂದಾಣಿಕೆಯಾಗದೆ ಎಂದು ಬರೆದಿದ್ದಾರೆ. ನಾನು ಸಹಿ ಹಾಕಿದೆ. ಹಾಕುವಾಗ ನಿಮ್ಮನ್ನು ನೆನೆದೆ, ಮೊದಲಿನಷ್ಟು ಸಿಟ್ಟಿನಿಂದಲ್ಲ.

ಶಾಲೆಗೆ ಮರಳಿ ಹೋಗುತ್ತಿದ್ದೇನೆ. ಹಿಂದಿನ ಬೆಂಚಿನ ಮಕ್ಕಳ ಮಾತು ಕೇಳಿಸದೆ ತರಗತಿ ಗಲಾಟೆಯಾಗುತ್ತದೆ, ಹೆಡ್‌ಮಾಸ್ತರು ಕರೆದು ಹೇಳಿದರು. ಇನ್ನು ನನಗೆ ಬರೆಯಬೇಡಿ.

ಜ್ಯೋತ್ಸ್ನಾ


ಗೋರೆಗಾಂವ್
10 ಮಾರ್ಚ್ 2025

ಯಕ್ಷಿತಾ,

ನೀನು ನನ್ನನ್ನು ನೋಡಿಲ್ಲ. ನಾನು ರೋಶನ್‌ನ ಅಕ್ಕ. ರೋಶನ್‌ಗೆ ನಿನ್ನನ್ನು ಎರಡನೆಯ ಸಂಬಂಧವಾಗಿ ಕೇಳಿದ್ದಾರೆ, ನಿಮ್ಮ ಮನೆಯಲ್ಲಿ ಒಪ್ಪಿದ್ದಾರೆ ಎಂದು ಹೋಟೆಲಿನ ದೂಜಣ್ಣ ಹೇಳಿದರು. ಸಾಕ್ಷಿಗೆ ಬರಲಾಗಲಿಲ್ಲ ಎಂಬ ಸಂಕಟಕ್ಕೆ ಅವರೇ ನಿನ್ನ ವಿಳಾಸ ತಂದುಕೊಟ್ಟರು.

ನೀನು ಏನನ್ನೂ ಕೇಳಿಲ್ಲ. ಆದರೂ ಹೇಳುತ್ತಿದ್ದೇನೆ. ರೋಶನ್ ಕುದಿಯುವ ಎಣ್ಣೆಯನ್ನು ನನ್ನ ಮುಖಕ್ಕೆ ಎರಚಿದ. ಕೈ ಅಡ್ಡ ಬಂದದ್ದರಿಂದ ಮುಖ ಉಳಿಯಿತು, ಕೈ ಹೋಯಿತು. ರೋಶನ್ ತನ್ನ ಮೊದಲ ಹೆಂಡತಿ ಜ್ಯೋತ್ಸ್ನಾಳ ಕಿವಿಗೆ ಹೊಡೆದ. ಅವಳಿಗೆ ಆ ಕಿವಿ ಇನ್ನು ಕೇಳಿಸುವುದಿಲ್ಲ. ಎರಡು ಸಲವೂ ನನ್ನ ಅಮ್ಮ ಅಲ್ಲೇ ಇದ್ದಳು, ಎರಡು ಸಲವೂ ಸುಳ್ಳು ಹೇಳಿದಳು. ಜ್ಯೋತ್ಸ್ನಾ ಮದುವೆಗೆ ಮೊದಲು ನನ್ನನ್ನು ಕೇಳಿದಾಗ ನಾನೂ ಸುಳ್ಳು ಬರೆದೆ.

ಕೆಳಗೆ ನನ್ನ ನಂಬರ್ ಇದೆ. ಕರೆದರೆ ಬಂದು ಕೈ ತೋರಿಸುತ್ತೇನೆ. ಈ ಮದುವೆ ಬೇಡ. ಮನೆಯವರು ಬೈದರೆ ನನ್ನ ಹತ್ತಿರ ಬಂದು ಇರು, ನನ್ನ ರೂಮಿನಲ್ಲಿ ಇನ್ನೊಬ್ಬರಿಗೆ ಜಾಗವಿದೆ.

ವಿಜೇತಾ


ಧಾರಾವಿ
22 ಮಾರ್ಚ್ 2025

ವಿಜೇತಾ ದೀದಿ,

ನನಗೆ ಕನ್ನಡ ಬೋಲ್ನಾ ಆತಾ ಹೈ, ಬರೆಯೋದು ಅಷ್ಟು ಬರಲ್ಲ. ಮಮ್ಮಿ ಹೇಳಿ ಬರೆಸಿದ್ದಾಳೆ. ಫೋನ್ ಮಾಡಿದರೆ ಪಪ್ಪಾ ಕೇಳ್ತಾರೆ, ಅದಕ್ಕೆ ಲೆಟರ್.

ನಿಮ್ಮ ಕಾಗದ ಪಪ್ಪಾ ನೋಡಿದರು. ರೋಶನ್‌ಗೆ ಫೋನ್ ಮಾಡಿ ಕೇಳಿದರು. ಆಂಟಿ, ಅಂದರೆ ನಿಮ್ಮ ಮಮ್ಮಿ, ಮಾತಾಡಿದರು. ನಿಮಗೆ ಆಕ್ಸಿಡೆಂಟ್ ಆದ ಮೇಲೆ ಟೆನ್ಶನ್ ಜಾಸ್ತಿ ಅಂತ ಹೇಳಿದರು. ಅವರು ನಿಮ್ಮ ಬಗ್ಗೆ ಕೆಟ್ಟ ಮಾತು ಹೇಳಲಿಲ್ಲ, ಪ್ರೀತಿಯಿಂದ ಹೇಳಿದರು. ಅತ್ತರು ಕೂಡ.

ದೀದಿ, ನೀವು ಸುಳ್ಳು ಅಂತ ನಾನು ಹೇಳಲ್ಲ. ಥೋಡಾ ಬಹುತ್ ಎಲ್ಲರ ಮನೆಯಲ್ಲೂ ಆಗುತ್ತೆ. ಪಪ್ಪಾ ಮಮ್ಮಿಗೂ ಹೊಡೀತಾರೆ, ನನಗೂ. ಆಮೇಲೆ ಸರಿ ಆಗ್ತಾರೆ. ನನ್ನ ಹಿಂದೆ ಇಬ್ಬರು ತಂಗಿಯರು ಇದ್ದಾರೆ. ರೋಶನ್‌ದು ಸ್ವಂತ ಹೋಟೆಲ್ ಇದೆ. ನೀವು ಇಷ್ಟು ದೊಡ್ಡದು ಮಾಡಬೇಡಿ. ಪ್ಲೀಸ್ ಮದುವೆಗೆ ಬರಬೇಡಿ.

ಯಕ್ಷಿತಾ


ಗ್ರಾಂಟ್ ರೋಡ್
17 ಆಗಸ್ಟ್ 2025

ಮಗಾ ವಿಜೇತಾ,

ನಿನ್ನಿಂದ ಕಾಗದ ಇಲ್ಲ. ಸೆಟ್‌ನಲ್ಲಿ ಕೆಲಸ ಹೆಚ್ಚು ಇರಬೇಕು. ನೀನು ಮದುವೆಯ ದಿನ ಹಾಲ್‌ನ ಗೇಟಿನಲ್ಲಿ ನಿಂತು ಬಂದವರಿಗೆಲ್ಲ ಕೈ ತೋರಿಸಿದ್ದನ್ನು ನಾವು ಯಾರೂ ಮನಸ್ಸಿಗೆ ಹಚ್ಚಿಕೊಂಡಿಲ್ಲ. ಮಳೆಯಲ್ಲಿ ಸುಮ್ಮನೆ ನೆನೆದೆ. ಬಂದವರು ನೀನು ಭಿಕ್ಷೆಗೆ ನಿಂತವಳು ಎಂದುಕೊಂಡರು, ಯಾರಿಗೂ ಗುರುತಾಗಲಿಲ್ಲ, ಹಾಗಾಗಿ ತೊಂದರೆ ಏನೂ ಆಗಲಿಲ್ಲ.

ಸೊಸೆ ಒಳ್ಳೆಯವಳು. ಮೊದಲಿನವಳ ಹಾಗೆ ಪುಸ್ತಕದ ಮಾತು ಇಲ್ಲ. ಅಡುಗೆಮನೆಗೂ ಇಳಿಯುತ್ತಾಳೆ, ಗಲ್ಲಾದಲ್ಲೂ ಕೂರುತ್ತಾಳೆ. ನಾಲ್ಕು ದಿನದಿಂದ ಹುಬ್ಬಿನ ಮೇಲೆ ಪಟ್ಟಿ ಕಟ್ಟಿಕೊಂಡಿದ್ದಾಳೆ. ನಿನ್ನೆ ಒಬ್ಬ ಹಳೆಯ ಗಿರಾಕಿ, "ಕ್ಯಾ ಹುವಾ ಬೇಟಿ?" ಎಂದು ಕೇಳಿದ. ನಾನು ಪಕ್ಕದಲ್ಲೇ ಇದ್ದೆ, ಬಾಯಿ ತೆರೆಯುವುದರಲ್ಲಿದ್ದೆ. ಅಷ್ಟರಲ್ಲಿ ಅವಳೇ ನಕ್ಕು, "ಕಪಾಟಿನ ಬಾಗಿಲು ತಾಗಿತು ಅಂಕಲ್, ಕುಛ್ ನಹೀ" ಎಂದು ಚಿಲ್ಲರೆ ಎಣಿಸಿ ಕೊಟ್ಟಳು.

ನಾನು ಏನೂ ಹೇಳಿಕೊಡಬೇಕಾಗಲಿಲ್ಲ.

ನಿನ್ನ ಅಮ್ಮ
ವಾರಿಜಾ